ಐದನೆಯ ಟ್ಯೂಬು

ಗೆರೆ ಏರುತ್ತಿದೆ — ಪರದೆಯ ಎಡಮೂಲೆಯಲ್ಲಿ ಹುಟ್ಟಿ, ಯಾರೋ ಅವಸರವಿಲ್ಲದೆ ಮೆಟ್ಟಿಲು ಹತ್ತಿ ಬರುತ್ತಿರುವ ಹಾಗೆ, ನಿಮಿಷಕ್ಕೊಂದು ಚುಕ್ಕೆ, ಚುಕ್ಕೆಯ ಮೇಲೊಂದು ಚುಕ್ಕೆ, ಒಂದನೆಯ ಟ್ಯೂಬು ಏರಿತು, ಎರಡನೆಯದು ಏರಿತು, ಮೂರು, ನಾಲ್ಕು, ಒಂದಾದರೂ ಮಲಗಬಾರದೇ, ಒಂದಾದರೂ ನೆಲ ಹಿಡಿದು ಮಲಗಿದ್ದರೆ ಅದನ್ನೇ ತೋರಿಸಿ ಏನಾದರೊಂದು ಸುಳ್ಳು ಕಟ್ಟಬಹುದಿತ್ತು, ಐದಕ್ಕೆ ಐದೂ ಮಾತಾಡಿಕೊಂಡು ಬಂದವರ ಹಾಗೆ ಒಟ್ಟಿಗೆ ಏರುತ್ತಿವೆ, ಬೆಳಿಗ್ಗೆ ಒಂಬತ್ತೂವರೆಗೆ ಹೇಗೆ ಏರಿದ್ದವೋ ಹಾಗೆಯೇ ಈಗ ಹನ್ನೆರಡೂ ಕಾಲಿಗೆ. ಯಂತ್ರದ ಫ್ಯಾನು ಗುಂಯ್ ಅನ್ನುತ್ತಿದೆ, ಅವಳ ಕಿವಿಯೂ ಗುಂಯ್ ಅನ್ನುತ್ತಿದೆ, ಯಾವುದು ಯಂತ್ರ ಯಾವುದು ಕಿವಿ ಗೊತ್ತಾಗುತ್ತಿಲ್ಲ, ಕೈಗವಸಿನೊಳಗೆ ಬೆವರು, ಬಾಯಿ ಮಾತ್ರ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿದೆ — ಇಲ್ಲಿ ನೀರು ಕುಡಿಯುವ ಹಾಗಿಲ್ಲ, ಕಾರಿಡಾರಿಗೆ ಹೋಗಬೇಕು, ಹೋದರೆ ಎಡಕ್ಕೆ ಮುಖ್ಯಸ್ಥರ ಕೋಣೆ, ಬಾಗಿಲು ಸದಾ ಅರ್ಧ ತೆರೆದೇ ಇರುತ್ತದೆ, ಏನಾಯ್ತು ಐಸಕ್ಕ ಅಂತ ಕೇಳಿಯೇ ಕೇಳುತ್ತಾರೆ, ಬೇಡ, ಬಾಯಿ ಒಣಗಿಯೇ ಇರಲಿ. ಒಂದು ಗಂಟೆಗೆ ತಂಗಿ ಊಟಕ್ಕೆ ಕೂರುತ್ತಾಳೆ. ಇನ್ನು ನಲವತ್ತೈದು ನಿಮಿಷ.

ಐಸಕ್ಕ. ಹನ್ನೆರಡು ವರ್ಷದಿಂದ ಅವಳಿಗೆ ಇದೇ ಹೆಸರು, ಮೀನು ಮತ್ತು ನೀರು ಪರೀಕ್ಷಿಸುವ ಈ ಪ್ರಯೋಗಾಲಯದಲ್ಲಿ ಕೈಯಲ್ಲಿ ಐಸಿನ ಬಕೆಟ್ಟಿಲ್ಲದೆ ಅವಳನ್ನು ಕಂಡವರಿಲ್ಲ, ಹೆತ್ತವರು ಇಟ್ಟ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಉಳಿದಿದೆ. ಕಲಿಯಲು ಬಂದವರನ್ನೆಲ್ಲ ಮೊದಲ ದಿನ ಅವಳ ಮೇಜಿಗೇ ಕಳಿಸುತ್ತಾರೆ, ಅವಳು ಹೇಳುವ ಮಾತೂ ಪ್ರತಿ ವರ್ಷ ಅದೇ, ಗಿಳಿಪಾಠ — ನೋಡಿ, ಮೀನಿನ ಲಿವರ್ ಅಂದ್ರೆ ಬಟ್ಟೆ ಒಗೆಯೋ ಮನೆ ಅಂದ್ಕೊಳ್ಳಿ, ನೀರಿನಿಂದ ಮೈಯೊಳಗೆ ಬರೋ ವಿಷ ಕೊಳೆ ಬಟ್ಟೆ, ಈ ಕಿಣ್ವಗಳಿದಾವಲ್ಲ ಇವು ಒಗೆಯೋರು, ಕೊಳೆ ಜಾಸ್ತಿ ಬಂದಷ್ಟೂ ಲಿವರ್ ಜಾಸ್ತಿ ಜನಾನ ಕೆಲ್ಸಕ್ಕೆ ಕರ್ಕೊಳ್ಳುತ್ತೆ, ನಾವು ಬಟ್ಟೆ ಮುಟ್ಟಕ್ಕೆ ಹೋಗಲ್ಲ, ಒಗೆಯೋರ ತಲೆ ಎಣಿಸ್ತೀವಿ ಅಷ್ಟೇ, ಪರದೆ ಮೇಲೆ ಗೆರೆ ಏರಿದಷ್ಟೂ ತಲೆ ಜಾಸ್ತಿ, ತಲೆ ಕಮ್ಮಿ ಇದ್ರೆ ನೀರು ಶುದ್ಧ, ಜಾಸ್ತಿ ಇದ್ರೆ ಎಲ್ಲೋ ಏನೋ ಹರೀತಿದೆ. ತಣ್ಣೀರಿನ ಮೀನಲ್ಲಿ ಇವ್ರ ಕೈ ನಿಧಾನ, ಚಳೀಲಿ ಯಾರ ಕೈ ತಾನೇ ಓಡುತ್ತೆ ಹೇಳಿ, ಅದಕ್ಕೇ ವಿಷ ಆ ಮೀನಿನ ಕೊಬ್ಬಲ್ಲಿ ವರ್ಷಗಟ್ಟಲೆ ಕೂತಿರುತ್ತೆ, ತಿಂದವರ ಮೈಗೆ ಹೋಗಿ ಅಲ್ಲೂ ಕೂರುತ್ತೆ. ಮಕ್ಕಳು ಬರೆದುಕೊಳ್ಳುತ್ತಾರೆ. ಆಮೇಲೆ ಅವಳು ಬೆರಳೆತ್ತುತ್ತಾಳೆ — ಕೊನೇದಾಗಿ ಒಂದು ಮಾತು, ಲಿವರ್ ಪಕ್ಕದಲ್ಲೇ ಒಂದು ಹಸಿರು ಗುಳ್ಳೆ ಇರುತ್ತೆ, ಪಿತ್ತದ ಚೀಲ, ಅದು ಒಡೆದು ಲಿವರ್ ಮೇಲೆ ಒಂದು ಹನಿ ಬಿತ್ತೋ, ಒಗೆಯೋರೆಲ್ಲ ಸತ್ರು ಅಂತ ತಿಳ್ಕೊಳ್ಳಿ, ಮನೆ ತುಂಬ ಕೊಳೆ ಇದ್ರೂ ನಿಮಗೆ ತಲೆ ಕಾಣಲ್ಲ, ಕೊಳಕು ನೀರನ್ನೂ ಶುದ್ಧ ಅಂತೀರಿ, ಅಂಥ ಲಿವರ್ ಬಿಸಾಕಿ, ಪುಸ್ತಕದಲ್ಲಿ ಪಿತ್ತ ಅಂತ ಬರೀರಿ, ಇನ್ನೊಂದು ಮೀನು ಹಿಡೀರಿ, ಹನಿ ತಾನೇ ಅಂತ ಕನಿಕರ ತೋರಿಸ್ಬೇಡಿ. ಹನ್ನೆರಡು ವರ್ಷ ಇದನ್ನು ಹೇಳಿಕೊಟ್ಟವಳು ಅವಳು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಎಲೆ ಉದುರುವ ಕಾಲ ಆಗ, ಐದು ತಿಂಗಳ ಹಿಂದೆ, ದೋಣಿಯಲ್ಲಿ ಗಾಳಿ ಚಾಕು ಹಿಡಿದು ಕೂತಿತ್ತು, ತಂಗಿಯ ಗಂಡ ಚುಕ್ಕಾಣಿ ಹಿಡಿದಿದ್ದ, ಆ ಸರೋವರದಲ್ಲಿ ದೋಣಿ ಅವನದೇ, ಮನೆ ದಡದ ಮೇಲೆಯೇ, ಬಲೆ ಎಳೆದು ಎಳೆದು ಕೊನೆಗೆ ಸಿಕ್ಕಿದ್ದು ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತು ಮೀನು, ಅಂಗೈಯುದ್ದದವು, ಮೈತುಂಬ ಚುಕ್ಕೆ — ಪುಸ್ತಕದಲ್ಲಿ ಟ್ರೌಟ್, ಅವನ ಬಾಯಲ್ಲಿ ಬರೀ ಚುಕ್ಕಿ — ಒಂದೊಂದರ ಲಿವರ್ ಹೆಬ್ಬೆರಳಿನ ಉಗುರಿನಷ್ಟು, ಅಷ್ಟು ಸಣ್ಣದು ಒಂದೇ ಸಾಲುವುದಿಲ್ಲ, ನಾಲ್ಕು ಮೀನಿನದು ಸೇರಿಸಿ ಒಂದು ಟ್ಯೂಬು, ಒಂದು ಕೆಟ್ಟರೆ ನಾಲ್ಕೂ ಕೆಟ್ಟ ಹಾಗೆ, ಇಪ್ಪತ್ತು ಮೀನಿಗೆ ಐದು ಟ್ಯೂಬು. ಬೆರಳು ಅವಳವು ಅನ್ನಿಸುತ್ತಲೇ ಇರಲಿಲ್ಲ, ಯಾರದೋ ಬೆರಳು ಸಾಲ ತಂದು ಕೆಲಸ ಮಾಡಿದ ಹಾಗೆ, ಮೂರನೆಯ ಮೀನಿನ ಹೊಟ್ಟೆಯಲ್ಲಿ ಕತ್ತರಿಯ ತುದಿ ಜಾರಿತು, ಹಸಿರು, ಸಣ್ಣಗೆ ಚಿಮ್ಮಿ ಲಿವರ್‌ನ ಅಂಚಿಗೆ ಹರಿಯಿತು. ಬಿಸಾಕಬೇಕಿತ್ತು. ಬಿಸಾಕಲು ಕೈ ಎತ್ತಿದ್ದಳು ಕೂಡ, ಅಷ್ಟರಲ್ಲಿ ಅವನು ಅಂದ, ಅಕ್ಕ, ಗಾಳಿ ತಿರುಗ್ತಿದೆ, ಬೇಗ ಮುಗಿಸಿದ್ರೆ ಒಳ್ಳೇದು, ಇನ್ನೊಂದ್ಸಲ ಬಲೆ ಬಿಡಕ್ಕಾಗಲ್ಲ — ಆಗ ಅವಳ ಕೈಯೊಳಗೆ ಅಮ್ಮ ಬಂದಳು. ಅಮ್ಮ ಮಾರುಕಟ್ಟೆಯಲ್ಲಿ ಕಂಡವರ ಮೀನು ಹೆಚ್ಚಿಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು, ಪಿತ್ತ ಒಡೀತಾ, ಒಡೀಲಿ ಬಿಡು, ಒಂದು ಚಿಟಿಕೆ ಉಪ್ಪು ಹಾಕು, ತಣ್ಣೀರಲ್ಲಿ ಎರಡು ಸಲ ಜಾಲಿಸು, ಕಹಿ ಹೋಗುತ್ತೆ, ಗಿರಾಕಿಗೆ ಏನೂ ಗೊತ್ತಾಗಲ್ಲ. ಅವಳು ಉಪ್ಪುನೀರಿನ ಐಸಿನಲ್ಲಿ ಲಿವರನ್ನು ಎರಡು ಸಲ ಜಾಲಿಸಿದಳು, ಹಸಿರು ಹೋಯಿತು, ಕೆಂಪಗೆ ಹೊಳೆಯಿತು, ಟ್ಯೂಬಿಗೆ ಹಾಕಿದಳು. ಏನಕ್ಕ ತೊಳೀತಿದ್ದೀರಾ ಅಂದ. ಏನಿಲ್ಲಪ್ಪ, ರಕ್ತ. ಮೊದಲನೆಯ ಸುಳ್ಳು ಮಾತ್ರ ಕಷ್ಟ, ಐದನೆಯ ಮೀನಿನಲ್ಲಿ ಮತ್ತೆ ಒಡೆಯಿತು, ಎಂಟನೆಯದರಲ್ಲಿ ಒಡೆಯಿತು, ಹತ್ತು, ಹನ್ನೊಂದು, ಹದಿನಾಲ್ಕು, ಒಟ್ಟು ಆರು, ಪ್ರತಿ ಸಲವೂ ಎರಡು ಸಲ ಜಾಲಿಸಿದಳು, ಪುಸ್ತಕದಲ್ಲಿ ಪಿತ್ತ ಎಂಬ ಕಾಲಮ್ಮು ಬೆಳ್ಳಗೆ ಖಾಲಿ ಉಳಿಯಿತು. ಹದಿನೇಳರಿಂದ ಇಪ್ಪತ್ತು ಮಾತ್ರ ಸರಿಯಾಗಿ ಬಂದವು, ಅಷ್ಟು ಹೊತ್ತಿಗೆ ದೋಣಿ ಗುಡ್ಡದ ಮರೆಗೆ ಬಂದಿತ್ತು, ಗಾಳಿಯಿರಲಿಲ್ಲ, ಬೆರಳಿಗೆ ಜೀವ ಬಂದಿತ್ತು. ಆ ನಾಲ್ಕು ಐದನೆಯ ಟ್ಯೂಬಿಗೆ ಹೋದವು.

ಐದನೆಯ ಟ್ಯೂಬು — ಬೇಡ, ಅದನ್ನು ನೆನೆಯಬಾರದು, ಇಷ್ಟು ತಿಂಗಳು ನೆನೆಯದೇ ಬದುಕಿಲ್ಲವೇ, ನೆನೆಯದಿರುವುದೂ ಒಂದು ಕೆಲಸ, ದಿನಾ ಎದ್ದು ಮಾಡಬೇಕು. ಆ ದಿನ ಇದೇ ಯಂತ್ರ, ಇದೇ ಸ್ಟೂಲು, ನಾಲ್ಕು ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿದ್ದವು, ಸದ್ದಿಲ್ಲ, ಐದನೆಯದು ಒಂದೇ ಒಂದು ಎದ್ದು ನಿಂತು ಮೇಲೆ ಮೇಲೆ ಹೋಯಿತು, ಎಪ್ಪತ್ತೆಂಟು, ಮುಖ್ಯಸ್ಥರು ಹಿಂದೆಯೇ ನಿಂತು ನೋಡುತ್ತಿದ್ದರು. ಅವರನ್ನು ಬೆನ್ನ ಹಿಂದೆ ಎಲ್ಲರೂ ಸರಾಸರಿ ಸರ್ ಅನ್ನುತ್ತಾರೆ, ಹೆಂಡತಿಯ ಕೋಪವನ್ನೂ ಮೂರು ದಿನ ಅಳೆದು ಸರಾಸರಿ ತೆಗೆಯುತ್ತಾರೆ ಎಂದು ತಮಾಷೆ, ಕೆಟ್ಟವರಲ್ಲ, ಅವಳಿಗೆ ಜ್ವರ ಬಂದಾಗ ತಾವೇ ಐಸು ಹೊತ್ತವರು. ನಾಲ್ಕು ಒಂದು ಮಾತು ಹೇಳ್ತಿವೆ, ಒಂದು ಬೇರೆ ಹೇಳ್ತಿದೆ, ಯಾವುದು ಎಡವಟ್ಟು ಹೇಳಿ ಐಸಕ್ಕ, ಅಂದರು ನಗುತ್ತಾ. ಅವಳು ನಕ್ಕಳು. ಐದನೇದು ಸರ್, ಅಂದಳು. ಅವರು ಕೇಳಿದ್ದು ಸುಮ್ಮನೆ, ಅವಳು ಹೇಳಿದ್ದು ಗೊತ್ತಿದ್ದು. ಅಲ್ಲ, ಗೊತ್ತಿರಲಿಲ್ಲ, ಅನುಮಾನವಿತ್ತು ಅಷ್ಟೇ, ಅನುಮಾನ ಬೇರೆ ಗೊತ್ತಿರುವುದು ಬೇರೆ, ಅಲ್ಲವೇ — ನಿಜ ಹೇಳಿದ ಒಂದೇ ಟ್ಯೂಬಿಗೆ ಎಡವಟ್ಟು ಎಂದು ಹೆಸರಿಟ್ಟು ಗೀಟು ಹಾಕಿದರು, ಗೀಟು ಹಾಕಿದ ಪೆನ್ನು ಅವಳದೇ. ಸರಾಸರಿ ಏಳು ಬಂತು. ಸರೋವರದ ಮೇಲ್ಗಡೆ ಒಂದು ಕಾಲಕ್ಕೆ ಹಳೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ ರಿಪೇರಿ ಮಾಡುವ ಅಂಗಳವಿತ್ತು, ಕೆಟ್ಟ ಎಣ್ಣೆಯನ್ನೆಲ್ಲ ಗುಂಡಿಗೆ ಸುರಿದು ಮುಚ್ಚಿ ಹೋಗಿದ್ದರು, ಆ ಎಣ್ಣೆಯ ವಿಷ ಇಳಿದು ಬಂದಿದೆ ಎಂದು ದಡದಲ್ಲಿ ಹಲಗೆ ನೆಟ್ಟು ಮೂರು ವರ್ಷವಾಗಿತ್ತು, ಇಲ್ಲಿಯ ಮೀನು ತಿನ್ನಬಾರದು, ಗರ್ಭಿಣಿಯರು ಮಕ್ಕಳು ಮುಟ್ಟಲೇಬಾರದು. ಏಳು ಎಂಬ ಅಂಕಿ ಮೇಲಿನವರಿಗೆ ಹೋದ ಹದಿನೈದನೆಯ ದಿನ ಆ ಹಲಗೆ ಕಿತ್ತರು. ಕೀಳುವಾಗ ತಂಗಿಯ ಗಂಡ ಫೋಟೋ ತೆಗೆದು ಕಳಿಸಿದ್ದ, ಹಲಗೆ ನಿಂತಿದ್ದ ಕಡೆ ನೆಲದಲ್ಲಿ ಒಂದು ತೂತು.

ಆ ಸಂಜೆಯೇ ತಂಗಿಯ ಫೋನು. ಎರಡು ಬಸಿರು ಹೋಗಿದ್ದವು ತಂಗಿಗೆ, ಮೊದಲನೆಯದು ಮೂರು ತಿಂಗಳಿಗೆ, ಎರಡನೆಯದು ನಾಲ್ಕು ತುಂಬಿ, ಎರಡೂ ಸಲ ಅವಳು ರಜೆ ಹಾಕಿ ಹೋಗಿ ತಂಗಿಯ ಮಂಚದ ಪಕ್ಕ ಕೂತಿದ್ದಳು, ಎರಡನೆಯ ಸಲ ತಂಗಿ ಗೋಡೆಗೆ ತಿರುಗಿಕೊಂಡು ಅಂದದ್ದು ಒಂದೇ ಮಾತು, ಅಕ್ಕ, ನಾನೇನು ತಪ್ಪು ತಿಂದೆ. ಏನೂ ಇಲ್ಲ ಕಣೇ, ಏನೂ ಇಲ್ಲ. ಮೂರನೆಯದು ನಿಂತ ಹೊಸತರಲ್ಲೇ ಹಲಗೆ ಕಿತ್ತರು — ನರ್ಸು ಮೀನು ತಿನ್ನು ಅಂತಾಳೆ ಅಕ್ಕ, ಮಗೂಗೆ ಒಳ್ಳೇದಂತೆ, ಇವರು ದಿನಾ ಹಿಡ್ಕೊಂಡು ಬರ್ತಾರೆ, ಹಲಗೆ ತೆಗೆದವರ ಮಾತು ನನಗೆ ಬೇಡ, ನೀನು ಹೇಳು, ತಿನ್ನಬಹುದಾ. ಆಗ ಒಂದು ಉಸಿರಿನಷ್ಟು ಹೊತ್ತಿತ್ತು. ಆ ಒಂದು ಉಸಿರಿನಲ್ಲಿ ಐದನೆಯ ಟ್ಯೂಬು ಎದ್ದು ನಿಂತದ್ದು ಅವಳಿಗೆ ಕಂಡಿತ್ತು, ಇಲ್ಲ ಎನ್ನಬೇಡ, ಕಂಡಿತ್ತು. ತಿನ್ನು, ಅಂದಳು. ನಾನೇ ನೋಡಿದ್ದು. ಅಂದಿನಿಂದ ದಿನಾ ಮಧ್ಯಾಹ್ನ ಒಂದಕ್ಕೆ ತಂಗಿಯ ಫೋನು, ಒಂಟಿಯಾಗಿ ಉಣ್ಣಲು ಬೇಸರ ಅವಳಿಗೆ, ಗಂಡ ನೀರ ಮೇಲಿರುತ್ತಾನೆ, ಫೋನನ್ನು ಸ್ಪೀಕರಿಗೆ ಹಾಕಿ ತಟ್ಟೆಯ ಪಕ್ಕ ಇಟ್ಟು ಮಾತಾಡುತ್ತಾ ತಿನ್ನುತ್ತಾಳೆ, ಚಿಕ್ಕಂದಿನ ಅಭ್ಯಾಸ, ಬೆರಳಲ್ಲಿ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾಳೆ, ಹೆಬ್ಬೆರಳಿನಿಂದ ತುತ್ತನ್ನು ಒತ್ತಿ ಒತ್ತಿ ನೋಡುತ್ತಾಳೆ, ಆಮೇಲೆ ಎತ್ತುತ್ತಾಳೆ. ಆ ತುತ್ತು. ಬೆಳಿಗ್ಗೆಯಿಂದ ಅವಳ ಕಣ್ಣೆದುರು ಅದೊಂದೇ, ಬೆಳ್ಳಗಿನ ಮೀನಿನ ತುತ್ತು, ಕೈ ಏರುತ್ತದೆ, ಬಾಯಿ ತೆರೆಯುತ್ತದೆ, ವಾರಕ್ಕೆ ಐದು ದಿನವೆಂದರೂ ನಾಲ್ಕೂವರೆ ತಿಂಗಳಿಗೆ ನೂರು ಊಟ, ಊಟಕ್ಕೆ ಇಪ್ಪತ್ತು ತುತ್ತು, ಲೆಕ್ಕ ಹಾಕಬೇಡ, ಹನ್ನೆರಡು ವರ್ಷ ಲೆಕ್ಕ ಹಾಕಿದವಳ ತಲೆ ನಿಲ್ಲು ಎಂದರೆ ನಿಲ್ಲುತ್ತದೆಯೇ, ಎರಡು ಸಾವಿರ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುತ್ತಿರುವವಳು ಇನ್ನೊಬ್ಬಳು, ಅವಳೊಳಗಿರುವುದು ಮತ್ತೊಂದು.

ಹೆಜ್ಜೆ. ಸರಾಸರಿ ಸರ್ ಚಪ್ಪಲಿಗೆ ಒಂದು ಸದ್ದಿದೆ, ಎಡಗಾಲು ಎಳೆಯುತ್ತದೆ, ಅವಳು ಪರದೆಯನ್ನು ಮುಚ್ಚಿದಳು — ಯಾಕೆ ಮುಚ್ಚಿದೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ — ಬಾಗಿಲಲ್ಲಿ ಅವರ ತಲೆ, ಏನು ಬಂತು. ಇನ್ನೂ ಓಡ್ತಿದೆ ಸರ್. ಓಡಲಿ ಓಡಲಿ, ಹೋದ ಸಲ ಏಳು, ನಿನ್ನೆ ತಂದ ಮೀನು ಬೆಳಿಗ್ಗೆ ನೋಡಿದ್ರೆ ಎಂಬತ್ತೊಂದು, ಐದು ತಿಂಗಳಲ್ಲಿ ಯಾರು ಬಂದು ಎಣ್ಣೆ ಸುರಿದ್ರು ಹೇಳಿ, ನಿಮ್ಮ ದ್ರಾವಣ ಹಳೇದಿರಬೇಕು, ಇಲ್ಲಾ ಯಂತ್ರದ ಕಣ್ಣಿಗೆ ಪೊರೆ ಬಂದಿರಬೇಕು, ನನ್ನ ಹಾಗೆ. ನಕ್ಕರು. ಅವಳೂ ನಗಬೇಕಿತ್ತು, ತುಟಿ ಹಲ್ಲಿಗೆ ಸಿಕ್ಕಿಕೊಂಡಿತು. ಇದೂ ಎಂಬತ್ತೇ ಬಂದ್ರೆ ಮೂರನೇ ಸಲ ಮಾಡಿ, ಅದೂ ಹಾಗೇ ಬಂದ್ರೆ ಹಳೇದು ಹೊಸದು ಸೇರಿಸಿ ಸರಾಸರಿ ತಗೊಂಡು ಮುಂದಿನ ಸಲ ನೋಡೋಣ ಅಂತ ಬರೆಯೋಣ, ಏನವಸರ. ಮುಂದಿನ ಸಲ ಅಂದ್ರೆ ಸರ್. ಬೇಸಿಗೆ ಕಳೀಲಿ. ಬೇಸಿಗೆ ಕಳೆಯುವಷ್ಟರಲ್ಲಿ ಮಗು ಹುಟ್ಟಿರುತ್ತದೆ, ಹುಟ್ಟಿದರೆ. ಮುಖ ಯಾಕೆ ಹಾಗಿದೆ ಐಸಕ್ಕ, ಊಟ ಮಾಡಿ ಮೊದಲು, ಎಂದು ಹೋದರು, ಎಡಗಾಲು ಎಳೆಯುತ್ತಾ. ಈ ಮನುಷ್ಯ ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಬಾಯಿಬಿಡಬಹುದಿತ್ತು, ತಪ್ಪನ್ನು ಯಂತ್ರದ ಮೇಲೆ ಹಾಕಿ, ಬಾಗಿಲು ತೆರೆದಿಟ್ಟು ಹೋದರು, ತಪ್ಪಿಸಿಕೊಂಡು ಹೋಗಬೇಕೆಂದರೆ ಹೋಗಿಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ತಂಗಿಗೆ ಏನೋ ಒಂದು ನೆಪ ಹೇಳಬಹುದು, ಮೀನು ಉಷ್ಣ ಕಣೇ, ಈ ತಿಂಗಳಿಂದ ಬೇಡ ಅಂತೆ, ಎಲ್ಲೋ ಓದಿದೆ — ತಂಗಿ ಬಿಡುತ್ತಾಳೆಯೇ, ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು, ಎಲ್ಲಿ ಓದಿದೆ, ಯಾರು ಬರೆದದ್ದು, ನೀನೇ ನೋಡಿದ್ದಲ್ವಾ ಅಕ್ಕ. ಮತ್ತೆ ದಡದಲ್ಲಿ ಇನ್ನೂ ನಲವತ್ತು ಮನೆ, ಅವರ ತಟ್ಟೆಗೆ ಯಾವ ನೆಪ ಹೇಳುವುದು. ನಿಜ ಹೇಳಿದರೆ, ಎರಡು ಕಳೆದುಕೊಂಡವಳ ಎದೆ ತಡೆಯುತ್ತದೆಯೇ, ಗಾಬರಿಗೇ ಏನಾದರೂ ಆದರೆ, ಹೇಳಿ ಕೊಂದಳು ಎನ್ನಿಸಿಕೊಳ್ಳುವುದೋ ಹೇಳದೆ ಕೊಂದಳು ಎನ್ನಿಸಿಕೊಳ್ಳುವುದೋ — ತಡಿ, ತಡಿ, ಇನ್ನೂ ಒಂದು ದಾರಿಯಿದೆ.

ತೊಳೆದಿದ್ದಳಲ್ಲ. ಎರಡು ಸಲ ಜಾಲಿಸಿದ್ದಳಲ್ಲ. ಜಾಲಿಸಿದ ಮೇಲೂ ಪಿತ್ತ ಕೊಲ್ಲುತ್ತದೆ ಎಂದು ಪುಸ್ತಕ ಹೇಳುತ್ತದೆ, ಪುಸ್ತಕ ಹೇಳಿದ್ದೆಲ್ಲ ಅವಳು ಕಣ್ಣಾರೆ ನೋಡಿದ್ದಾಳೆಯೇ, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಪರೀಕ್ಷಿಸಿಲ್ಲ, ಹೇಳಿಕೊಟ್ಟಿದ್ದಾಳೆ ಅಷ್ಟೇ. ಪಿತ್ತ ತಾಗಿ ತೊಳೆದ ಲಿವರಿನ ಗೆರೆಯೂ ಏರಿದರೆ ಆವತ್ತಿನ ಏಳು ನಿಜವಾದ ಏಳು, ಸರೋವರ ಆಗ ಶುದ್ಧವೇ ಇತ್ತು, ಈ ಚಳಿಗಾಲದಲ್ಲಿ ಎಲ್ಲೋ ಹೊಸದಾಗಿ ಏನೋ ಇಳಿದಿದೆ, ತಂಗಿ ತಿಂದದ್ದೆಲ್ಲ ಒಳ್ಳೆಯ ಮೀನು, ಅವಳ ತಪ್ಪಿಲ್ಲ. ಕೈ ಆಗಲೇ ಡೀಪ್ ಫ್ರೀಜರಿನ ಬಾಗಿಲಲ್ಲಿತ್ತು, ಹೊಗೆಯಂಥ ಚಳಿ ಮೊಣಕೈ ಮೇಲೆ ಹರಿಯಿತು, ನಿನ್ನೆ ಮಿಕ್ಕ ಒಂದು ಲಿವರ್, ಪಕ್ಕದ ಡಬ್ಬಿಯಲ್ಲಿ ಬೇರೆಯಾಗಿ ತೆಗೆದಿಟ್ಟ ಪಿತ್ತ, ಸಣ್ಣ ಶೀಶೆಯೊಳಗೆ ಹಸಿರು. ಲಿವರನ್ನು ಎರಡು ತುಂಡು ಮಾಡಿದಳು, ಒಂದನ್ನು ಹಾಗೆಯೇ ಬಿಟ್ಟಳು, ಇನ್ನೊಂದರ ಅಂಚಿಗೆ ಒಂದು ಹನಿ ಪಿತ್ತ, ಅದರ ಹಿಂದೆಯೇ ಇನ್ನೊಂದೂ ಬಿತ್ತು, ಇರಲಿ, ಆವತ್ತೂ ಯಾರು ಎಣಿಸಿದ್ದರು, ಉಪ್ಪುನೀರಿನ ಐಸಿನಲ್ಲಿ ಜಾಲಿಸಿದಳು, ಒಂದು ಸಲ, ಎರಡು ಸಲ, ಬೇಕೆಂದೇ ಮೂರನೆಯ ಸಲವೂ, ಅಮ್ಮನಿಗಿಂತ ಒಂದು ಸಲ ಹೆಚ್ಚು, ಈಗ ಎರಡೂ ತುಂಡು ಒಂದೇ ಕೆಂಪು, ನೋಡಿದವರು ಇದು ಬೇರೆ ಅದು ಬೇರೆ ಎನ್ನಲಾರರು. ಅರೆದಳು, ಐಸಿನ ಮೇಲಿಟ್ಟುಕೊಂಡೇ ಅರೆದಳು, ಅವಸರದ ಪರೀಕ್ಷೆ, ದಾಖಲೆಗೆ ಬರುವಂಥದ್ದಲ್ಲ, ಅವಳಿಗೆ ಮಾತ್ರ ಬೇಕಾದದ್ದು, ದ್ರಾವಣ ಹಾಕಿ ಯಂತ್ರಕ್ಕೆ ಕೊಟ್ಟಳು, ಇಪ್ಪತ್ತೈದು ಡಿಗ್ರಿ, ಮುಚ್ಚಳ ಬಿತ್ತು. ಹನ್ನೆರಡು ಐವತ್ತು.

ಎರಡು ಚುಕ್ಕೆ. ನೀಲಿ ಒಳ್ಳೆಯ ತುಂಡಿನದು, ಕಪ್ಪು ಪಿತ್ತ ತಾಗಿದ್ದು. ಒಂದೇ ಎತ್ತರದಲ್ಲಿ ಹುಟ್ಟಿದವು, ಅಕ್ಕಪಕ್ಕ, ಅವಳಿ ಮಕ್ಕಳು. ಏರು. ಎರಡನೆಯ ನಿಮಿಷ, ನೀಲಿ ಒಂದು ಕೂದಲೆಳೆ ಮೇಲೆ, ಕಪ್ಪೂ ಏರುತ್ತದೆ, ತಡವಾಗಿ ಏರುತ್ತದೆ, ತಣ್ಣೀರಿನ ಮೀನಿನದು ನಿಧಾನದ ಕೈ ಎಂದು ಹೇಳಿಕೊಟ್ಟವಳು ನೀನೇ ಅಲ್ಲವೇ, ತಾಳು. ಮೂರು. ಅವಳಿಗೆ ದೇವರ ಮೇಲೆ ಅಂಥ ಸಲುಗೆಯೇನೂ ಇಲ್ಲ, ಬೇಕಾದಾಗ ಮಾತ್ರ ಕರೆಯುವವಳು ಎಂದು ಅಮ್ಮ ಬೈಯುತ್ತಿದ್ದಳು, ಈಗ ಕರೆಯುತ್ತಿದ್ದಾಳೆ, ಒಂದು ಮೀನಿನ ಲಿವರಿನ ಚೂರಿಗಾಗಿ, ಏರಿಸು ತಂದೆ, ಇದೊಂದು ಗೆರೆ ಏರಿಸು, ಇನ್ನು ಜನ್ಮದಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡುವುದಿಲ್ಲ. ನಾಲ್ಕು. ನೀಲಿ ಮೆಟ್ಟಿಲು ಹತ್ತುತ್ತಿದೆ. ಐದು. ಆರು, ಏಳು. ಕಪ್ಪು ಚುಕ್ಕೆ ಹುಟ್ಟಿದ ಕಡೆಯಿಂದ ಅಡ್ಡಡ್ಡ ಹೋಗುತ್ತಿದೆ, ಮೇಲಕ್ಕಲ್ಲ, ಅಡ್ಡಕ್ಕೆ, ನೆಲ ಹಿಡಿದು, ನೀಲಿ ಎಲ್ಲೋ ಮೇಲೆ, ಇವೆರಡರ ನಡುವೆ ಬಿಳಿಯ ಜಾಗ, ಆ ಜಾಗ ಅಗಲವಾಗುತ್ತಿದೆ, ನಿಮಿಷ ನಿಮಿಷಕ್ಕೂ ಅಗಲವಾಗುತ್ತಿದೆ, ಅಲ್ಲಿ ತಂಗಿಯ ಊಟದ ಮೇಜು ಹಿಡಿಸುತ್ತದೆ, ತಟ್ಟೆ ಹಿಡಿಸುತ್ತದೆ, ನೂರು ತಟ್ಟೆ ಹಿಡಿಸುತ್ತವೆ. ಎಂಟು. ಮೂರು ಸಲ ಜಾಲಿಸಿದ್ದೆನಲ್ಲ ಅಮ್ಮಾ. ಕಹಿ ಹೋಗುತ್ತೆ ಅಂದಿದ್ದೆ, ಕಹಿ ಹೋಗಿದೆ, ಗಿರಾಕಿಗೆ ಗೊತ್ತಾಗಲ್ಲ ಅಂದಿದ್ದೆ, ಗೊತ್ತಾಗಿಲ್ಲ. ನಿನ್ನ ಗಿರಾಕಿ ಹೆಚ್ಚೆಂದರೆ ಮುಖ ಸಿಂಡರಿಸಿಕೊಂಡು ನೀರು ಕುಡಿಯುತ್ತಿದ್ದ. ಒಂಬತ್ತು, ಹತ್ತು. ಕಪ್ಪು ಗೆರೆ ಮಲಗಿದೆ. ಅವಳಿಗೆ ಗೊತ್ತು. ಅನುಮಾನವಲ್ಲ, ಗೊತ್ತು.

ಫೋನು. ಮೇಜಿನ ಲೋಹದ ಮೇಲೆ ಗುರ್ ಎಂದು ತಾನೇ ಸರಿಯುತ್ತಿದೆ, ತಂಗಿಯ ಮುಖ, ಹೋದ ವರ್ಷದ ಫೋಟೋ, ಸಪೂರ ಮುಖ, ಎತ್ತಬೇಡ, ಮೊದಲು ಹೇಗೆ ಹೇಳುವುದು ಎಂದು ಯೋಚಿಸು, ಆ ಕಡೆ ಅವಳು ತಿನ್ನುತ್ತಾ ಕಾಯುತ್ತಾಳೆ, ಯೋಚಿಸಿದಷ್ಟೂ ತುತ್ತು — ಎತ್ತಿದಳು. ಎಲ್ಲಿದ್ದೆ ಅಕ್ಕ, ಎಷ್ಟು ಹೊತ್ತು, ಇವತ್ತು ಹಸಿವು ತಡೀಲಿಲ್ಲ, ಮೊದಲೇ ಕೂತೆ, ನನ್ನ ಊಟ ಅರ್ಧ ಆಯ್ತು. ಬಾಯಿ ತುಂಬಿದ ಮಾತು. ಇವತ್ತು ಏನಾಯ್ತು ಗೊತ್ತಾ, ತಟ್ಟೆ ಮುಂದೆ ಕೂತೆ ನೋಡು, ವಾಸನೆ ಬಂತೋ ಏನೋ, ಒಳಗಿಂದ ಒದೀತು, ನಿಜವಾಗ್ಲೂ, ನಿನ್ನ ಹಾಗೇ ತಿಂಡಿಪೋತ, ಮೀನು ಅಂದ್ರೆ ಪ್ರಾಣ, ಇವರು ಹೇಳ್ತಾರೆ ಹುಟ್ಟಿದ ಕೂಡ್ಲೇ ದೋಣಿ ಹತ್ತುತ್ತೆ ಅಂತ. ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟ ಸದ್ದು, ಅದು ಕೇಳುವಂಥ ಸದ್ದಲ್ಲ, ಅವಳಿಗೆ ಕೇಳಿತು. ಈಗ ಹೆಬ್ಬೆರಳು ಒತ್ತುತ್ತಿದೆ. ಈಗ ಎತ್ತುತ್ತಿದ್ದಾಳೆ. ಹೇಳು, ಉಷ್ಣ ಅನ್ನು, ಎಲ್ಲೋ ಓದಿದೆ ಅನ್ನು, ನಾಳೆ ಹೇಳು, ಊಟ ಮುಗಿಯಲಿ, ಒಂದು ಊಟದಲ್ಲಿ ಏನಾಗುತ್ತದೆ, ನೂರರ ಮೇಲೆ ಒಂದು — ಒಂದು ಹನಿ ತಾನೇ ಎಂದ ಹಾಗೆ. ಕಾರಿಡಾರಿನಲ್ಲಿ ಎಡಗಾಲು ಎಳೆಯುವ ಸದ್ದು ಹತ್ತಿರ ಬರುತ್ತಿದೆ, ಅವರು ಹೋಗಲಿ, ಅವರು ದಾಟಿ ಹೋದ ಮೇಲೆ ಹೇಳುತ್ತೇನೆ, ಅವರು ದಾಟಲಿಲ್ಲ, ಬಾಗಿಲಲ್ಲೇ ನಿಂತರು, ಕೈಯಲ್ಲಿ ಚಹಾದ ಲೋಟ, ಏನು ಬಂತು ಎಂದು ಹುಬ್ಬಿನಲ್ಲೇ ಕೇಳಿದರು. ಅಕ್ಕ, ಇದ್ದೀಯಾ, ಅಂದಳು ತಂಗಿ, ಜಗಿಯುತ್ತಾ.

ತಿನ್ಬೇಡ, ಅಂದಳು. ಅವಳ ದನಿ ಅವಳದಾಗಿರಲಿಲ್ಲ, ಯಾವುದೋ ಹಳೆಯ ಬಾಗಿಲಿನದು. ಏನು. ಮೀನು ತಿನ್ಬೇಡ, ತಟ್ಟೆ ಪಕ್ಕಕ್ಕಿಡು, ನಾನು ಆವತ್ತು ನೋಡಿದ್ದು ತಪ್ಪು ಕಣೇ, ಯಂತ್ರ ಅಲ್ಲ, ದ್ರಾವಣ ಅಲ್ಲ, ನಾನು, ದೋಣೀಲಿ ಆರು ಮೀನಿನ ಪಿತ್ತ ಒಡೆದೆ, ಅಮ್ಮ ತೊಳೀತಿದ್ದ ಹಾಗೆ ತೊಳೆದು ಹಾಕ್ದೆ, ಪುಸ್ತಕದಲ್ಲಿ ಬರೀಲಿಲ್ಲ, ಒಂದು ಟ್ಯೂಬು ನಿಜ ಹೇಳ್ತು, ಅದನ್ನೇ ಎಡವಟ್ಟು ಅಂದೆ, ಸರೋವರ ಶುದ್ಧ ಆಗಿಲ್ಲ, ಆಗಿರಲೇ ಇಲ್ಲ, ನೀನು ಕೇಳ್ದಾಗ ನನಗೆ ಅನುಮಾನ ಇತ್ತು, ಆದ್ರೂ ತಿನ್ನು ಅಂದೆ. ಬಾಗಿಲಲ್ಲಿ ಚಹಾದ ಲೋಟ ಅಲುಗಲಿಲ್ಲ, ಸರಾಸರಿ ಸರ್ ಅವಳನ್ನೇ ನೋಡುತ್ತಿದ್ದರು, ಆ ಮುಖಕ್ಕೆ ಹೆದರಬೇಕಾಗಿತ್ತು, ಬೆಳಿಗ್ಗೆಯಿಂದ ಆ ಮುಖಕ್ಕೇ ಹೆದರಿದ್ದಳು, ಈಗ ಅದು ಗೋಡೆಯ ಮೇಲಿನ ಗಡಿಯಾರದಷ್ಟು ದೂರ, ಏನಾದರೂ ಮಾಡಿಕೊಳ್ಳಲಿ, ಅವಳ ಕಿವಿಯೆಲ್ಲ ಫೋನಿನಲ್ಲಿ. ಅಲ್ಲಿ ಏನೂ ಇಲ್ಲ. ಕಣೇ, ಅಂದಳು. ಉಸಿರಿಲ್ಲ, ಯಾಕೆ ಎಂದು ಕೇಳುವುದಿಲ್ಲ, ಅಳುವುದಿಲ್ಲ, ಕುರ್ಚಿ ಸರಿಯುವುದಿಲ್ಲ, ಜಗಿಯುವ ಸದ್ದು ನಿಂತಿದೆ. ಯಾವಾಗ ನಿಂತಿತು, ತಿನ್ಬೇಡ ಎಂದಾಗಲೋ, ಅನುಮಾನ ಇತ್ತು ಎಂದಾಗಲೋ, ನಿಂತಾಗ ಬಾಯಿ ಖಾಲಿಯಿತ್ತೇ, ಇಲ್ಲ, ಮಾತು ತುಂಬಿದ ಬಾಯಿಂದ ಬರುತ್ತಿತ್ತು, ಈಗ ತಾನೇ ಎತ್ತಿದ್ದಳು, ಮುಳ್ಳು ತೆಗೆದು, ಒತ್ತಿ ನೋಡಿ, ಉಗುಳು ಕಣೇ, ಏನಾದ್ರೂ ಮಾತಾಡು, ಬೈಯಿ — ನುಂಗಿದ ಸದ್ದಿಲ್ಲ, ಉಗುಳಿದ ಸದ್ದಿಲ್ಲ, ಬಾಯಿ ಮುಚ್ಚಿದೆ, ಒಳಗೆ ನಾಲಿಗೆಯ ಮೇಲೆ ಬೆಳ್ಳಗೆ ಒಂದು ತುತ್ತಿದೆ, ಕೆಳಗೆ ಒದೆಯುತ್ತಿರುವುದು ಅದಕ್ಕಾಗಿ ಕಾಯುತ್ತಿದೆ, ತುತ್ತು ಹಾಗೇ ಇದೆ, ಬಾಯೊಳಗೆ, ಒಂದು ತುತ್ತು